ಟರ್ಬೋ ಸೆಡಾನ್ ಕೊಳ್ಳುವ ಮುಂಚೆ: ತಿರುವಿನ ಹಿಡಿತ, ಎಂಜಿನ್ನಿನ ಬಾಳಿಕೆ

ಜಮಖಂಡಿಯ ನಮ್ಮ ಸೋದರಮಾವನ ಮಗ ಮೊನ್ನೆ ಫೋನ್ ಮಾಡಿದ. "ಅಣ್ಣಾ, ವರ್ಟಸ್ ಜಿಟಿ ತಗೊಳ್ಳಲೋ, ವರ್ನಾ ಟರ್ಬೋ ತಗೊಳ್ಳಲೋ? ಒಂದ ಮಾತಿನ್ಯಾಗ ಹೇಳಿಬಿಡು" ಅಂದ. "ತಡಿಯೋ ತಮ್ಮಾ, ಇದು ಒಂದ ಮಾತಿನ್ಯಾಗ ಮುಗಿಯೋದಲ್ಲ" ಅಂದೆ. ಎರಡೂ ಟರ್ಬೋ ಸೆಡಾನುಗಳೇ. ಅವನಿಗೆ ಗಾಡಿಯಲ್ಲಿ ಎರಡು ಗುಣ ಬೇಕು. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಚೋರ್ಲಾ ಘಾಟಿನ ತಿರುವುಗಳಲ್ಲಿ ಗಾಡಿ ಹೇಳಿದ ಮಾತು ಕೇಳಬೇಕು. ಹತ್ತು ವರ್ಷ ಎಂಜಿನ್ ಬಿಚ್ಚುವ ಪ್ರಸಂಗ ಬರಬಾರದು. ಎರಡೂ ನ್ಯಾಯವಾದ ಆಸೆಗಳೇ. ಆದರೆ ಕಾರು ಕಟ್ಟುವವರ ಮೇಜಿನ ಮೇಲೆ ಇವೆರಡೂ ಎಷ್ಟೋ ಸಲ ಎದುರುಬದುರು ನಿಲ್ಲುತ್ತವೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಹೊರೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಉದ್ಯಮಬಾಗಿನಲ್ಲಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಗ್ರೈಂಡಿಂಗ್ ಮಾಡುವವನು. ಊರಿನ ಫೌಂಡ್ರಿಗಳು, ಮಷಿನ್ ಶಾಪುಗಳು ಎಲ್ಲರಿಗೂ ಗೊತ್ತಿರುವಂಥವೇ. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಶೋರೂಮಿನಿಂದ ಬಂದದ್ದಲ್ಲ, ಸವೆದ ಭಾಗಗಳನ್ನು ಕೈಯಲ್ಲಿ ಹಿಡಿದು ನೋಡಿ ಬಂದದ್ದು. ಹಾಗಾಗಿ ಎಂಜಿನ್ನಿನಿಂದಲೇ ಶುರು ಮಾಡುತ್ತೇನೆ.

ಎಂಜಿನ್ನಿಗೆ ಶಕ್ತಿ ಬರುವುದು ಪೆಟ್ರೋಲ್ ಉರಿಯುವುದರಿಂದ. ಪೆಟ್ರೋಲ್ ಉರಿಯಲು ಗಾಳಿ ಬೇಕು. ಜಾಸ್ತಿ ಶಕ್ತಿ ಬೇಕಾದರೆ ಜಾಸ್ತಿ ಗಾಳಿ ಬೇಕು. ಅದಕ್ಕೆ ಮೊದಲೆಲ್ಲ ಎಂಜಿನ್ನನ್ನೇ ದೊಡ್ಡದು ಮಾಡುತ್ತಿದ್ದರು. ಟರ್ಬೋ ಬೇರೆ ದಾರಿ ಹಿಡಿಯುತ್ತದೆ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಆ ಕಡೆ ಇನ್ನೊಂದು ಚಕ್ರ ಇದೆ. ಅದು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿನೊಳಗೆ ತುಂಬುತ್ತದೆ. ಸುಮ್ನೆ ಹೊರಗೆ ಹೋಗುತ್ತಿದ್ದ ಹೊಗೆಗೆ ಒಂದು ಕೆಲಸ ಸಿಕ್ಕಿತು. 1.5 ಲೀಟರಿನ ಎಂಜಿನ್ 2 ಲೀಟರಿನದರ ಹಾಗೆ ಎಳೆಯತೊಡಗಿತು.

ಅದರ ಬೆಲೆ ಏನು? ಬಿಸಿ ಮತ್ತು ವೇಗ. ಟರ್ಬೋ ಒಳಗೆ ಬರುವ ಹೊಗೆ 900 ಡಿಗ್ರಿಯ ಆಸುಪಾಸು ಇರುತ್ತದೆ. ಸಣ್ಣ ಟರ್ಬೋದ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಎಂಜಿನ್ ತಾನು ತಿರುಗುವುದು 6 ಸಾವಿರದ ಸುಮಾರು, ಲೆಕ್ಕ ಹಾಕಿ ನೋಡಿ. ಆ ದಂಡವನ್ನು ಹೆಚ್ಚಿನ ಗಾಡಿಗಳಲ್ಲಿ ಹಿಡಿದಿರುವುದು ಗುಂಡಿನ ಬೇರಿಂಗ್ ಅಲ್ಲ, ಎಣ್ಣೆಯ ಒಂದು ಪದರ. ಕೂದಲಿಗಿಂತ ತೆಳು. ಆ ಪದರ ಇರುವ ತನಕ ಲೋಹಕ್ಕೆ ಲೋಹ ತಾಗುವುದಿಲ್ಲ, ಸವೆತವೂ ಇಲ್ಲ. ಪದರ ಹರಿದರೆ ಕೆಲವೇ ಸೆಕೆಂಡಿನ ಆಟ.

ನಾಲ್ಕೈದು ವರ್ಷದ ಹಿಂದೆ ಗೆಳೆಯನೊಬ್ಬ ತನ್ನ ಟರ್ಬೋ ಸೆಡಾನಿನಿಂದ ಬಿಚ್ಚಿದ ಟರ್ಬೋವನ್ನು ನಮ್ಮ ಶಾಪಿಗೆ ತಂದಿದ್ದ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ, ಯಾವುದಾದರೂ ಹೀಗೇ ಆಗುತ್ತಿತ್ತು. ದಂಡ ನೀಲಿಗಟ್ಟಿತ್ತು. ಕಬ್ಬಿಣ ಅಳತೆ ಮೀರಿ ಕಾದಾಗ ಬರುವ ಬಣ್ಣ ಅದು. ಎಣ್ಣೆ ಬರುವ ಸಣ್ಣ ಕೊಳವೆಯಲ್ಲಿ ಸೂಜಿ ಹಾಕಿದರೆ ಇದ್ದಿಲ ಪುಡಿಯಂಥದ್ದು ಉದುರಿತು. ಎಣ್ಣೆ ಅಲ್ಲೇ ಸುಟ್ಟು ಗಟ್ಟಿಯಾಗಿತ್ತು. ಎಣ್ಣೆ ಬದಲಿಸಿ 22 ಸಾವಿರ ಕಿಲೋಮೀಟರ್ ಆಗಿತ್ತು. ಅದರ ಮೇಲೆ ಅವನದೊಂದು ರೂಢಿ: ಹೈವೇಯಲ್ಲಿ ಜೋರಾಗಿ ಓಡಿಸಿಕೊಂಡು ಬಂದು, ಮನೆ ಮುಂದೆ ನಿಂತ ತಕ್ಷಣ ಕೀಲಿ ತಿರುಗಿಸಿಬಿಡುವುದು. ಟರ್ಬೋ ಇನ್ನೂ ಕೆಂಡದ ಹಾಗಿದೆ, ಎಣ್ಣೆ ಹರಿಯುವುದು ನಿಂತಿತು. ಕಾದ ಹೆಂಚಿನ ಮೇಲೆ ಎಣ್ಣೆ ಬಿಟ್ಟು ಮರೆತರೆ ಏನಾಗುತ್ತದೋ ಅದೇ ಆಯಿತು.

ಈ ಪೈಪೋಟಿಯ ಹಿರಿಯರು

ಟರ್ಬೋ ಸ್ಪೋರ್ಟ್ಸ್ ಸೆಡಾನ್ ಅಂದರೆ ಜಗತ್ತಿಗೆ ಮೊದಲು ನೆನಪಾಗುವ ಜೋಡಿ ಮಿತ್ಸುಬಿಶಿ ಲ್ಯಾನ್ಸರ್ ಎವೊಲ್ಯೂಷನ್ (ಎವೊ) ಮತ್ತು ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್. ಎರಡೂ 1992ರಲ್ಲಿ ಹುಟ್ಟಿದವು. ಎರಡೂ ಜಪಾನಿನವು, ಎರಡೂ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವವು, ಎರಡೂ 2 ಲೀಟರ್ ಟರ್ಬೋ. 1995ರಲ್ಲಿ ಕಾಲಿನ್ ಮೆಕ್‌ರೇ ಸುಬಾರು ಓಡಿಸಿ ವಿಶ್ವ ರ‍್ಯಾಲಿ ಗೆದ್ದ. ಅದರ ಮುಂದಿನ ನಾಲ್ಕು ವರ್ಷ, 1996ರಿಂದ 1999ರ ತನಕ, ಟಾಮಿ ಮಾಕಿನೆನ್ ಮಿತ್ಸುಬಿಶಿಯಲ್ಲಿ ಗೆದ್ದ.

ನಮ್ಮ ಪ್ರಶ್ನೆಗೆ ಈ ಜೋಡಿಗಿಂತ ಒಳ್ಳೆಯ ಪಾಠ ಇಲ್ಲ. ಯಾಕೆಂದರೆ ಇಬ್ಬರೂ ಒಂದೇ ಗುರಿಗೆ ಎರಡು ದಾರಿ ಹಿಡಿದರು.

ಸುಬಾರುವಿನದು ಬಾಕ್ಸರ್ ಎಂಜಿನ್. ಸಿಲಿಂಡರುಗಳು ನಿಂತಿರುವುದಿಲ್ಲ, ಎರಡು ಕಡೆಗೆ ಮಲಗಿರುತ್ತವೆ. ಎಂಜಿನ್ ತಗ್ಗಾಗಿ ಕೂರುತ್ತದೆ. ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಗಾಡಿ ಓಲಾಡುವುದು ಕಡಿಮೆ. ತಲೆಯ ಮೇಲೆ ಕೊಡ ಹೊತ್ತವರಿಗೂ ಸೊಂಟದ ಮೇಲೆ ಕೊಡ ಇಟ್ಟುಕೊಂಡವರಿಗೂ ಇರುವ ವ್ಯತ್ಯಾಸ ಇದು. ಹಿಡಿತಕ್ಕೆ ಇದು ಒಳ್ಳೆಯದು. ಆದರೆ ಎಂಜಿನ್ನಿನ ಕಡೆಯಿಂದ ನೋಡಿ. ಮಲಗಿದ ಎಂಜಿನ್ನಿಗೆ ಎರಡು ಹೆಡ್, ಅಂದರೆ ಸಿಲಿಂಡರುಗಳನ್ನು ಮುಚ್ಚುವ ಎರಡು ಮುಚ್ಚಳ ಬೇಕು. ಎರಡು ಹೆಡ್ ಅಂದರೆ ಸಂದು ಸೋರದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ಟೂ ಎರಡು. ಸೋರುವ ಜಾಗ ಎರಡಾದವು. ಸುಬಾರುವಿನ 2.5 ಲೀಟರಿನ ಇಜೆ25 ಎಂಜಿನ್ನುಗಳಿಗೆ ಹೆಡ್ ಗ್ಯಾಸ್ಕೆಟ್ ಸೋರಿಕೆಯ ಹೆಸರು ಅಂಟಿಕೊಂಡದ್ದು ಸುಮ್ನೆ ಅಲ್ಲ. ಅದರ ಟರ್ಬೋ ಮಾದರಿಗಳಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವ ಕಾಯಿಲೆಯೂ ಇತ್ತು.

ಮಿತ್ಸುಬಿಶಿಯ 4ಜಿ63 ಎಂಜಿನ್ ಇದಕ್ಕೆ ಪೂರ್ತಿ ಉಲ್ಟಾ. ಅದರ ಬ್ಲಾಕ್ ಬೀಡು ಕಬ್ಬಿಣದ್ದು. ಬೀಡು ಅಂದರೆ ನಮ್ಮೂರಿನ ಫೌಂಡ್ರಿಗಳಲ್ಲಿ ದಿನಾ ಕರಗಿಸಿ ಎರೆಯುವ ಅದೇ ಲೋಹ. ಭಾರ ಜಾಸ್ತಿ, ಆದರೆ ಒತ್ತಡಕ್ಕೆ ಜಗ್ಗುವುದಿಲ್ಲ, ಬಿಸಿಗೆ ಬೇಗ ಆಕಾರ ಕೆಡುವುದಿಲ್ಲ. ಆ ಬ್ಲಾಕಿನಿಂದ ಕಂಪನಿ ಕೊಟ್ಟದ್ದರ ಎರಡು ಪಟ್ಟು ಶಕ್ತಿ ತೆಗೆದವರು ಎಷ್ಟೋ ಜನ. ಆದರೆ ಅಷ್ಟು ಭಾರ ಗಾಡಿಯ ಮೂತಿಯಲ್ಲಿ ಅಡ್ಡಡ್ಡ ಕೂತಿದೆ. ಅಂಥ ಗಾಡಿ ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯುತ್ತದೆ. ಅದನ್ನು ಸರಿಮಾಡಲು ಮಿತ್ಸುಬಿಶಿ 1996ರ ನಾಲ್ಕನೇ ಎವೊದಲ್ಲಿ ಹಿಂದಿನ ಅಚ್ಚಿಗೆ ಒಂದು ವಿಶೇಷ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಹಾಕಿತು. ತಿರುವಿನಲ್ಲಿ ಹೊರಗಿನ ಹಿಂಚಕ್ರಕ್ಕೆ ಜಾಸ್ತಿ ಶಕ್ತಿ ಕಳಿಸಿ, ಗಾಡಿಯನ್ನು ಹಿಂದಿನಿಂದ ತಳ್ಳಿ ತಿರುಗಿಸುವ ಉಪಾಯ. ಎಂಜಿನ್ನನ್ನು ಗಟ್ಟಿ ಇಟ್ಟುಕೊಂಡು, ಹಿಡಿತವನ್ನು ಬೇರೆ ಕಡೆಯಿಂದ ಗಳಿಸಿದರು.

ಇಲ್ಲಿ ನನ್ನ ಕಸುಬಿನ ಒಂದು ಮಾತು. 4ಜಿ63 ಅಂದರೆ ಸಾಯದ ಎಂಜಿನ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದೇ ಎಂಜಿನ್ ಹಾಕಿದ 1990ರ ದಶಕದ ಮಿತ್ಸುಬಿಶಿ ಎಕ್ಲಿಪ್ಸ್ ಕಾರುಗಳಲ್ಲಿ 'ಕ್ರ್ಯಾಂಕ್ ವಾಕ್' ಅನ್ನುವ ಕಾಯಿಲೆ ಕಾಣಿಸಿಕೊಂಡಿತು. ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯುವ ಥ್ರಸ್ಟ್ ಬೇರಿಂಗ್ ಸವೆದು, ಶಾಫ್ಟು ಅಲ್ಲಾಡತೊಡಗುತ್ತಿತ್ತು. ಒಂದು ತೆಳು ಬೇರಿಂಗಿನಿಂದ ಇಡೀ ಎಂಜಿನ್ ಹಾಳು. ಹಾಗಾಗಿ "ಈ ಕಂಪನಿಯ ಎಂಜಿನ್ ಗಟ್ಟಿ, ಆ ಕಂಪನಿಯದು ಪೊಳ್ಳು" ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಯಾವ ಎಂಜಿನ್, ಯಾವ ವರ್ಷದ್ದು, ಅದರ ಯಾವ ಭಾಗ ಅಂತ ಕೇಳಬೇಕು.

ಈಗ ನಮ್ಮ ರಸ್ತೆಗೆ ಬರೋಣ

ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಸೆಡಾನಿನ ಆಸೆ ಹುಟ್ಟಿಸಿದ್ದರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ ಪಾಲು ದೊಡ್ಡದು. 2004ರಲ್ಲಿ 1.8 ಲೀಟರ್ ಟರ್ಬೋ, 150 ಪಿಎಸ್ ಶಕ್ತಿಯೊಂದಿಗೆ ಬಂತು. 2017ರಲ್ಲಿ 230 ಪಿಎಸ್, 2020ರಲ್ಲಿ 245 ಪಿಎಸ್, 2025ರಲ್ಲಿ 265 ಪಿಎಸ್. ಆದರೆ ಕೊನೆಯ ಸಲ ಇಡೀ ದೇಶಕ್ಕೆ ಬಂದದ್ದು ಬರೀ 100 ಗಾಡಿ. ಅದರ ಮಾತು ಬಿಡೋಣ.

ಕೈಗೆ ಎಟಕುವಂಥವು ಮೂರು. ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್, ಎರಡೂ 2022ರಲ್ಲಿ ಬಂದವು. ಹ್ಯುಂಡೈ ವರ್ನಾದ ಹೊಸ ಟರ್ಬೋ 2023ರ ಮಾರ್ಚಿನಲ್ಲಿ ಬಂತು. ಸ್ಲಾವಿಯಾ, ವರ್ಟಸ್ ಎರಡೂ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಒಂದೇ ಮನೆಯ ಮಕ್ಕಳು. ಎಂಜಿನ್, ಗೇರ್ ಬಾಕ್ಸ್, ತಳ ಎಲ್ಲಾ ಒಂದೇ. ಆದ್ದರಿಂದ ನಿಜವಾದ ಪೈಪೋಟಿ ಇಬ್ಬರದು.

ಟಿಎಸ್‌ಐ ಅನ್ನುವುದು ಈ ಬಳಗದ ಟರ್ಬೋ ಪೆಟ್ರೋಲ್ ಎಂಜಿನ್ನಿನ ಹೆಸರು. ವರ್ಟಸ್ ಜಿಟಿ ಮತ್ತು ಸ್ಲಾವಿಯಾದ 1.5 ಟಿಎಸ್‌ಐ ಎಂಜಿನ್ 150 ಪಿಎಸ್ ಶಕ್ತಿ, 250 ಎನ್‌ಎಂ ಎಳೆತ ಕೊಡುತ್ತದೆ. ವರ್ನಾದ 1.5 ಟರ್ಬೋ 160 ಪಿಎಸ್, 253 ಎನ್‌ಎಂ. ಕಾಗದದ ಮೇಲೆ ವರ್ನಾ ಒಂದು ಹೆಜ್ಜೆ ಮುಂದೆ. ಹೋಲಿಕೆಗೆ ಟರ್ಬೋ ಇಲ್ಲದ ಹೋಂಡಾ ಸಿಟಿಯನ್ನು ನೋಡಿ: ಅದೇ 1.5 ಲೀಟರ್, 121 ಪಿಎಸ್, 145 ಎನ್‌ಎಂ. ಸಿಟಿಯ ಪೂರ್ತಿ ಎಳೆತ ಬರುವುದು 4300 ಸುತ್ತಿಗೆ. ಈ ಟರ್ಬೋಗಳದು 1500, 1600 ಸುತ್ತಿಗೇ ಬಂದುಬಿಡುತ್ತದೆ. ಹಿಂದಿನ ಸೀಟಿಗೆ ಒರಗಿಸುವ ಆ ಪಿಕಪ್ ಇದೇ.

ಆ ಪಿಕಪ್ಪೇ ತಿರುವಿನಲ್ಲಿ ಪರೀಕ್ಷೆಗೆ ನಿಲ್ಲಿಸುತ್ತದೆ. ರಸ್ತೆಗೆ ತಾಗಿರುವುದು ನಾಲ್ಕು ಟೈರು, ಒಂದೊಂದೂ ಅಂಗೈ ಅಗಲದಷ್ಟು ಜಾಗದಲ್ಲಿ. ಟೈರಿನ ಹಿಡಿತವನ್ನು ಒಂದು ಜೋಳದ ರೊಟ್ಟಿ ಅಂದುಕೊಳ್ಳಿ. ಇರುವುದು ಒಂದೇ ರೊಟ್ಟಿ. ಅದನ್ನು ಬ್ರೇಕು, ತಿರುಗುವುದು, ಎಳೆಯುವುದು ಮೂವರೂ ಹಂಚಿಕೊಳ್ಳಬೇಕು. ಅರ್ಧ ರೊಟ್ಟಿ ಬ್ರೇಕಿಗೆ ಹೋದರೆ ತಿರುಗುವುದಕ್ಕೆ ಉಳಿಯುವುದು ಕಡಿಮೆ. ಎವೊ, ಸುಬಾರುಗಳಲ್ಲಿ ಎಳೆಯುವ ಕೆಲಸ ನಾಲ್ಕು ಟೈರಿಗೂ ಹಂಚಿತ್ತು. ವರ್ಟಸ್, ವರ್ನಾ ಎರಡೂ ಮುಂಚಕ್ರದ ಗಾಡಿಗಳು. ತಿರುಗಿಸುವುದೂ ಮುಂದಿನ ಟೈರು, ಎಳೆಯುವುದೂ ಅದೇ, ಬ್ರೇಕಿನ ಹೆಚ್ಚಿನ ಭಾರ ಹೊರುವುದೂ ಅದೇ. ತಿರುವಿನ ಮಧ್ಯದಲ್ಲಿ ಕಾಲೊತ್ತಿ 250 ಎನ್‌ಎಂ ಸುರಿದರೆ ಮುಂದಿನ ಟೈರಿಗೆ ರೊಟ್ಟಿ ಸಾಲುವುದಿಲ್ಲ. ಸ್ಟೀರಿಂಗ್ ಒಳಗೆ ತಿರುಗಿದ್ದರೂ ಗಾಡಿ ಹೊರಗೆ ಜಾರುತ್ತದೆ.

ಎರಡೂ ಗಾಡಿಗಳ ಟೈರಿನ ಅಳತೆ ಒಂದೇ, 205/55 ಆರ್16. ಎರಡಕ್ಕೂ ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡು ಹಿಂಚಕ್ರಗಳನ್ನು ಜೋಡಿಸುವ ಒಂದು ತಿರುಚುವ ತೊಲೆ. ಅಗ್ಗದ, ಗಟ್ಟಿಯಾದ ವ್ಯವಸ್ಥೆ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ಇವುಗಳನ್ನು ಹೇಗೆ ಹದ ಮಾಡಿದ್ದಾರೆ ಅನ್ನುವುದರಿಂದ.

ಎರಡನ್ನೂ ನಾನು ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ತನಕ ಓಡಿಸಿದ್ದೇನೆ. ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿದ ಮೇಲೆ ಕಾಡಿನ ತಿರುವುಗಳು ಒಂದರ ಹಿಂದೆ ಒಂದು. ವರ್ಟಸ್‌ನಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಹಿಂಬಾಲಿಸುತ್ತದೆ. ಬಲಕ್ಕೆ ವಾಲಿದ್ದ ಗಾಡಿಯನ್ನು ತಕ್ಷಣ ಎಡಕ್ಕೆ ಎಳೆದರೆ ಅದು ಒಂದೇ ಸಲಕ್ಕೆ ಕೂರುತ್ತದೆ. ಎರಡನೇ ಸಲ ಓಲಾಡುವುದಿಲ್ಲ. ಒಳಗಿನ ಮುಂಚಕ್ರ ಜಾರತೊಡಗಿದರೆ ಅದಕ್ಕೆ ಮಾತ್ರ ಚೂರು ಬ್ರೇಕ್ ಹಾಕಿ, ಶಕ್ತಿಯನ್ನು ಹೊರಗಿನ ಚಕ್ರಕ್ಕೆ ಕಳಿಸುವ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಲಾಕ್ ಇದೆ. ಎವೊದ ಆ ದುಬಾರಿ ಡಿಫರೆನ್ಷಿಯಲ್ ಮಾಡುತ್ತಿದ್ದ ಕೆಲಸದ ಬಡವರ ರೂಪ ಅದು, ಆದರೆ ಕೆಲಸ ಮಾಡುತ್ತದೆ. ವರ್ನಾ ಕೂಡ ಹಳೆಯ ವರ್ನಾದ ಹಾಗಿಲ್ಲ, ಬಹಳ ಸುಧಾರಿಸಿದೆ. ನೇರ ರಸ್ತೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆದರೆ ಸ್ಟೀರಿಂಗ್ ಹಗುರ. ಟೈರಿನ ಹಿಡಿತ ಎಷ್ಟು ಉಳಿದಿದೆ ಅನ್ನುವ ಸುದ್ದಿ ಕೈಗೆ ಬರುವುದಿಲ್ಲ. ಊರೊಳಗೆ ಆ ಹಗುರವೇ ಸುಖ. ಘಾಟಿನಲ್ಲಿ ನನಗೆ ವರ್ಟಸ್ ಮೇಲೆ ನಂಬಿಕೆ ಜಾಸ್ತಿ ಬಂತು.

ಬ್ರೇಕಿನಲ್ಲಿ ವರ್ನಾ ಮೇಲು. ಟರ್ಬೋದ ಮೇಲಿನ ಮಾದರಿಗಳಲ್ಲಿ ಹಿಂದೆಯೂ ಡಿಸ್ಕ್ ಇದೆ. ವರ್ಟಸ್ ಬಂದಾಗ ಅಷ್ಟು ಶಕ್ತಿಯ ಜಿಟಿಗೂ ಹಿಂದೆ ಡ್ರಮ್ಮೇ ಕೊಟ್ಟರು. ನನಗೆ ಅದು ಸರಿ ಅನ್ನಿಸಲಿಲ್ಲ. ಒಂದೆರಡು ಸಲ ಜೋರಾಗಿ ನಿಲ್ಲಿಸಲು ಡ್ರಮ್ ಸಾಕು. ಉದ್ದದ ಇಳಿಜಾರಿನಲ್ಲಿ ಪದೇಪದೇ ಒತ್ತಿದಾಗ ಡ್ರಮ್ಮಿನ ಬಿಸಿ ಹೊರಗೆ ಹೋಗಲು ದಾರಿ ಕಡಿಮೆ. ಯಾವ ಗಾಡಿಯಾದರೂ ಘಾಟು ಇಳಿಯುವಾಗ ಗೇರ್ ಇಳಿಸಿ, ಎಂಜಿನ್ನಿನಿಂದಲೇ ವೇಗ ಹಿಡಿಯಿರಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೇ ಸೇರಿದ್ದು. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ, ಗೋಕಾಕ ರಸ್ತೆಗಳಲ್ಲಿ ರಾತ್ರಿ ಓಡಿಸಿದವರಿಗೆ ಗೊತ್ತು. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಮುಂದೆ ಹೋಗುತ್ತಿರುತ್ತದೆ, ಹಿಂದೆ ದೀಪ ಇರುವುದಿಲ್ಲ. ಅಲ್ಲಿ ಒಳ್ಳೆಯ ಹಿಡಿತ ಅಂದರೆ ತಿರುವನ್ನು ವೇಗವಾಗಿ ದಾಟುವುದಲ್ಲ. ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ಸರಿಸಿದರೆ ಗಾಡಿ ಗಾಬರಿಯಾಗದೆ ಸರಿಯುವುದು. ನಮ್ಮ ರಸ್ತೆಗಳಿಗೆ ಹಿಡಿತ ಬೇಕಿರುವುದು ಇದಕ್ಕೇ, ರೇಸಿಗಲ್ಲ. ಊರೂರಿನ ಹಂಪ್ಸ್ ವಿಚಾರಕ್ಕೆ ಬಂದರೆ ವರ್ಟಸ್, ಸ್ಲಾವಿಯಾಗಳಿಗೆ 179 ಮಿಲಿಮೀಟರ್ ಎತ್ತರ ಇದೆ. ಐದು ಜನ ಕೂತರೂ ತಳ ಉಜ್ಜುವ ಭಯ ಕಡಿಮೆ.

ಎಂಜಿನ್ ಎಲ್ಲಿ ಸೋಲುತ್ತದೆ

ಎರಡೂ ಎಂಜಿನ್ನುಗಳ ಬುನಾದಿ ಒಳ್ಳೆಯದು. ಟಿಎಸ್‌ಐ ಎಂಜಿನ್ನಿನ ಬಗ್ಗೆ ಹಳಬರು ಹೆದರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಫೋಕ್ಸ್‌ವ್ಯಾಗನ್ ಬಳಗದ ಹಳೆಯ ಸಣ್ಣ ಟಿಎಸ್‌ಐಗಳಲ್ಲಿ ಟೈಮಿಂಗ್ ಚೈನ್ (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಸಡಿಲಾಗುವ ತೊಂದರೆ ಇತ್ತು. ದೊಡ್ಡ 1.8, 2.0 ಲೀಟರಿನ ಕೆಲವು ತಲೆಮಾರಿನಲ್ಲಿ ಚೈನಿನ ಜೊತೆ ಎಣ್ಣೆ ಕುಡಿಯುವ ಚಾಳಿಯೂ ಇತ್ತು. ಈಗಿನ 1.5 ಟಿಎಸ್‌ಐ ಬೇರೆ ಕುಟುಂಬದ್ದು, ಇಎ211. ಇದರಲ್ಲಿ ಚೈನ್ ಬಿಟ್ಟು ಹಲ್ಲಿನ ಬೆಲ್ಟ್ ಹಾಕಿದರು. ವರ್ನಾದಲ್ಲಿ ಚೈನೇ ಇದೆ. ಹಾಗಂತ ಬೆಲ್ಟ್ ಕೆಟ್ಟದ್ದು, ಚೈನ್ ಒಳ್ಳೆಯದು ಅಂತೇನಿಲ್ಲ. ಬೆಲ್ಟಿಗೆ ವಯಸ್ಸಿದೆ, ಸಮಯಕ್ಕೆ ಬದಲಿಸಬೇಕು. ಚೈನಿಗೆ ಶುದ್ಧ ಎಣ್ಣೆ ಬೇಕು, ಎಣ್ಣೆ ಕೆಟ್ಟರೆ ಅದೂ ಉದ್ದವಾಗುತ್ತದೆ.

ಇದೇ ಬಳಗದ ಸ್ಕೋಡಾ ಕುಶಾಕ್ 2021ರಲ್ಲಿ ಬಂದ ಹೊಸದರಲ್ಲಿ ಇಪಿಸಿ ಅನ್ನುವ ದೀಪ ಹತ್ತಿ ಗಾಡಿಯ ಶಕ್ತಿ ಇಳಿಯುವ ದೂರುಗಳು ಬಂದಿದ್ದವು. ಆಗ ಬೆರಳು ತೋರಿದ್ದು ಪೆಟ್ರೋಲ್ ಪಂಪಿನ ಕಡೆಗೆ, ಕಂಪನಿ ಇನ್ನೂ ಗಟ್ಟಿಯಾದ ಪಂಪ್ ಹಾಕಿಕೊಟ್ಟಿತು. ಹಳೆಯ ಗಾಡಿ ಕೊಳ್ಳುವವರು ಆ ಪಂಪ್ ಬದಲಾಗಿದೆಯಾ ಅಂತ ಸರ್ವಿಸ್ ದಾಖಲೆಯಲ್ಲಿ ನೋಡಲೇಬೇಕು.

ಎರಡಕ್ಕೂ ಸಮಾನವಾದ ಅಪಾಯ ಒಂದಿದೆ. ಅದರ ಮಾತು ಶೋರೂಮಿನಲ್ಲಿ ಬರುವುದೇ ಕಡಿಮೆ. ಲೋಕಾಪುರದ ಹಂಪ್ಸ್ ಹತ್ತಿರ ವೇಗ ಇಳಿಸಿದಿರಿ ಅನ್ನಿ. ಮ್ಯಾನುವಲ್ ಗಾಡಿ, ನಾಲ್ಕನೇ ಗೇರಿನಲ್ಲೇ ಇದೆ. ಎಂಜಿನ್ 1300 ಸುತ್ತಿಗೆ ಬಂದಿದೆ. ಗೇರ್ ಇಳಿಸಲು ಬೇಜಾರು, ಹಾಗೇ ಕಾಲೊತ್ತಿದಿರಿ. ಟರ್ಬೋ ಗಾಳಿ ತುಂಬುತ್ತದೆ, ಪಿಸ್ಟನ್ ಮಾತ್ರ ನಿಧಾನ. ಒತ್ತಡ, ಬಿಸಿ ಎರಡೂ ಏರಿ, ಪ್ಲಗ್ ಕಿಡಿ ಕೊಡುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಮೇಲಿನಿಂದ ಸುತ್ತಿಗೆ ಏಟು. ಈ ಗಾಡಿಗಳ ಹಾಗೆ ಸಿಲಿಂಡರಿನೊಳಗೇ ನೇರ ಪೆಟ್ರೋಲ್ ಚಿಮ್ಮುವ ಸಣ್ಣ ಟರ್ಬೋಗಳ ಪಿಸ್ಟನ್ ಒಡೆಯುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಪರಿಹಾರ ಸುಲಭ: ಗೇರ್ ಇಳಿಸಿ, 1800 ದಾಟಿದ ಮೇಲೆ ಒತ್ತಿ. ಎಣ್ಣೆಯ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಂತ ಇರಲಿ. 2020ರಲ್ಲಿ ಬಂದ ಆ ದರ್ಜೆಯ ಎಣ್ಣೆಯನ್ನು ಇದೇ ತೊಂದರೆ ತಡೆಯುವ ಪರೀಕ್ಷೆಗೂ ಒಡ್ಡಿರುತ್ತಾರೆ. ಅದರ ಜೊತೆ ಕಂಪನಿಯ ಪುಸ್ತಕ ಹೇಳಿದ ದರ್ಜೆಗೂ ಹೊಂದಬೇಕು.

ನೇರ ಚಿಮ್ಮುವಿಕೆಯ ಇನ್ನೊಂದು ಗುಣ ಇಂಗಾಲ ಕಟ್ಟುವುದು. ಹಳೆಯ ಎಂಜಿನ್ನುಗಳಲ್ಲಿ ಪೆಟ್ರೋಲು ವಾಲ್ವಿನ ಮೇಲೆ ಬಿದ್ದು ಅದನ್ನು ತೊಳೆಯುತ್ತಿತ್ತು. ಈಗ ಅದು ನೇರ ಸಿಲಿಂಡರಿಗೆ ಹೋಗುತ್ತದೆ. ಎಣ್ಣೆಯ ಆವಿ ವಾಲ್ವಿನ ಹಿಂದೆ ಮಸಿಯಾಗಿ ಕೂರುತ್ತದೆ. ಲಕ್ಷ ಕಿಲೋಮೀಟರ್ ಹತ್ತಿರ ಬಂದಾಗ ಗಾಡಿ ನಿಂತಲ್ಲಿ ನಡುಗಿದರೆ ಅನುಮಾನ ಪಡಿ. ಅಕ್ರೋಟ್ ಸಿಪ್ಪೆಯ ಪುಡಿಯನ್ನು ಗಾಳಿಯಲ್ಲಿ ಊದಿ ಅದನ್ನು ಕೆರೆಯುತ್ತಾರೆ. ವಾಲ್ವಿಗೆ ಪೆಟ್ಟಾಗುವುದಿಲ್ಲ, ಮಸಿ ಹೋಗುತ್ತದೆ.

ಎಣ್ಣೆ ಬದಲಿಸುವ ಅವಧಿ ಬಗ್ಗೆ ನನ್ನದು ಹಟ. ಸ್ಕೋಡಾ, ಫೋಕ್ಸ್‌ವ್ಯಾಗನ್ 15 ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಅನ್ನುತ್ತವೆ, ಹ್ಯುಂಡೈ 10 ಸಾವಿರ ಅಥವಾ ಒಂದು ವರ್ಷ. ವಿಜಯಪುರದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ. ಎರೆಮಣ್ಣಿನ ದೂಳು ಏರ್ ಫಿಲ್ಟರಿನೊಳಗೆ ಹಿಟ್ಟಿನ ಹಾಗೆ ಕೂರುತ್ತದೆ. ಇಂಥ ಕಡೆ ಓಡುವ ಟರ್ಬೋಗೆ ನಾನು 7500ಕ್ಕೇ ಎಣ್ಣೆ, ಫಿಲ್ಟರ್ ಬದಲಿಸು ಅನ್ನುತ್ತೇನೆ. ವರ್ಷಕ್ಕೆ ಒಂದು ಡಬ್ಬಿ ಎಣ್ಣೆ ಜಾಸ್ತಿ ಹೋಗಬಹುದು. ಹೊಸ ಟರ್ಬೋದ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಪೆಟ್ರೋಲಿನ ವಿಚಾರ ನಮ್ಮ ಹೊಲಕ್ಕೇ ಸಂಬಂಧಿಸಿದ್ದು. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ 20 ಪಾಲು ಎಥನಾಲ್. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಎಥನಾಲ್ ತೆಗೆಯುತ್ತವೆ. ನಾವು ಬೆಳೆದ ಕಬ್ಬೇ ನಮ್ಮ ಟ್ಯಾಂಕಿಗೆ ಬರುತ್ತಿದೆ ಅಂದರೂ ಸರಿ. ಟರ್ಬೋಗೆ ಇದರಿಂದ ಒಂದು ಲಾಭ ಇದೆ. ಎಥನಾಲಿಗೆ ಆಕ್ಟೇನ್ ಜಾಸ್ತಿ, ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಆವಿಯಾಗುವಾಗ ಸಿಲಿಂಡರನ್ನು ತಂಪೂ ಮಾಡುತ್ತದೆ. ನಷ್ಟ ಎವರೇಜಿನಲ್ಲಿ. ಎಥನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ. ಇ20ಯಲ್ಲಿ ಲೆಕ್ಕಕ್ಕೆ ನೂರಕ್ಕೆ 6, 7ರಷ್ಟು ಕಡಿಮೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. 2023ರ ಏಪ್ರಿಲ್‌ಗಿಂತ ಹಳೆಯದು ಕೊಳ್ಳುವುದಾದರೆ ಅದರ ರಬ್ಬರ್ ಭಾಗಗಳು ಇ20ಗೆ ಹೊಂದುತ್ತವಾ ಅಂತ ಕಂಪನಿಯಿಂದ ಬರೆಸಿಕೊಳ್ಳಿ.

ಗೇರ್ ಬಾಕ್ಸು, ನಿಜವಾದ ಚಿಂತೆ

ನನ್ನನ್ನು ಕೇಳಿದರೆ ಈ ಗಾಡಿಗಳಲ್ಲಿ ಹೆದರಬೇಕಾದದ್ದು ಎಂಜಿನ್ನಿಗಲ್ಲ, ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ. ವರ್ಟಸ್, ಸ್ಲಾವಿಯಾಗಳ 7 ಗೇರಿನ ಡಿಎಸ್‌ಜಿ, ವರ್ನಾದ 7 ಗೇರಿನ ಡಿಸಿಟಿ, ಎರಡರಲ್ಲೂ ಎರಡೆರಡು ಕ್ಲಚ್, ಅವೂ ಒಣ ಕ್ಲಚ್. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಆದರೆ ಬಿಸಿಯನ್ನು ಎಣ್ಣೆ ಒಯ್ಯುತ್ತದೆ. ಒಣ ಕ್ಲಚ್ಚಿಗೆ ಗಾಳಿಯೇ ಗತಿ. ತಿಲಕವಾಡಿಯ ರೇಲ್ವೆ ಗೇಟು ತೆಗೆದ ಮೇಲೆ ಇಂಚಿಂಚಾಗಿ ಸರಿಯುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತದೆ. ಅದೇ ಬಿಸಿ, ಅದೇ ಸವೆತ. ಮುಂದಿನ ಗಾಡಿ ಎರಡು ಗಾಡಿಯಷ್ಟು ದೂರ ಹೋಗಲಿ, ಆಮೇಲೆ ಒಮ್ಮೆಲೇ ಸರಿಯಿರಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ.

ಡಿಎಸ್‌ಜಿಯ ಈ ಮಾದರಿಯ ಹೆಸರು ಡಿಕ್ಯೂ200. 2013ರಲ್ಲಿ ಚೀನಾ, ಜಪಾನ್, ಆಸ್ಟ್ರೇಲಿಯಾಗಳಲ್ಲಿ ಇದೇ ಗೇರ್ ಬಾಕ್ಸಿನ ಗಾಡಿಗಳನ್ನು ಕಂಪನಿ ವಾಪಸ್ ಕರೆಯಿತು. ಆಮೇಲೆ ಸುಧಾರಣೆ ಆಗಿದೆ. ಆದರೆ ಒಂದು ಅಂಕಿ ಗಮನಿಸಿ. ಈ ಗೇರ್ ಬಾಕ್ಸ್ ತಾಳುವ ಮಿತಿ 250 ಎನ್‌ಎಂ. 1.5 ಟಿಎಸ್‌ಐ ಕೊಡುವುದೂ ಸರಿಯಾಗಿ 250 ಎನ್‌ಎಂ. ಮೇಲೆ ಜಾಗವೇ ಇಲ್ಲ. ಲ್ಯಾಪ್‌ಟಾಪ್ ಹಾಕಿ ಎಂಜಿನ್ನಿನ ಪ್ರೋಗ್ರಾಂ ಬದಲಿಸಿ, 30, 40 ಪಿಎಸ್ ಜಾಸ್ತಿ ಮಾಡಿಕೊಡುತ್ತೇವೆ ಅನ್ನುವವರು ಈಗ ಊರೂರಿಗೆ ಇದ್ದಾರೆ. ಎಂಜಿನ್ ಅದನ್ನು ತಾಳಿದರೂ ಕ್ಲಚ್ ತಾಳುವುದಿಲ್ಲ. ವಾರಂಟಿಯೂ ಹೋಗುತ್ತದೆ. ಈ ವಿಚಾರದಲ್ಲಿ ತಮ್ಮನಿಗೆ ಆಣೆ ಹಾಕಿಸಿಕೊಂಡಿದ್ದೇನೆ.

ಹಾಗಾಗಿ ನನ್ನ ಆಯ್ಕೆ 6 ಗೇರಿನ ಮ್ಯಾನುವಲ್. ಸ್ಲಾವಿಯಾ 1.5ಕ್ಕೆ ಅದು ಮೊದಲಿನಿಂದ ಇತ್ತು, ವರ್ಟಸ್ ಜಿಟಿಗೆ 2023ರಲ್ಲಿ ಬಂತು, ವರ್ನಾ ಟರ್ಬೋದಲ್ಲೂ ಇದೆ. ಮ್ಯಾನುವಲ್ ಗಾಡಿಯ ಕ್ಲಚ್ ಸವೆದರೆ ನಮ್ಮ ಜಮಖಂಡಿಯ ಮಿಸ್ತ್ರಿ ಕೂಡ ಬದಲಿಸಬಲ್ಲ. ಡಿಎಸ್‌ಜಿಯ ಗೇರ್ ಬದಲಾವಣೆ ನಡೆಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬೆಳಗಾವಿಯೋ ಹುಬ್ಬಳ್ಳಿಯೋ ಸೇರಬೇಕು.

"ಹಂಗಾರ ವರ್ನಾ ಬ್ಯಾಡೇನು?" ಅಂತ ಕೇಳಿದ. ಬೇಡ ಅನ್ನಲಿಲ್ಲ. ಅವನ ಓಡಾಟ ನೋಡಿದೆ. ವಾರಕ್ಕೆ ನಾಲ್ಕು ದಿನ ಜಮಖಂಡಿಯಿಂದ ವಿಜಯಪುರ, ತಿಂಗಳಿಗೊಮ್ಮೆ ಸೊಲ್ಲಾಪುರ. ನೇರ ರಸ್ತೆ, ಹಿಂದಿನ ಸೀಟಿನಲ್ಲಿ ಮಾವ ಅತ್ತೆ, ಬರುವಾಗ ಕೊಲ್ಹಾರದ ಮೊಸರಿನ ಗಡಿಗೆ. ಅಂಥ ಓಡಾಟಕ್ಕೆ ವರ್ನಾದ ಮೆತ್ತನೆಯ ನಡೆ, ಹಿಂದಿನ ಡಿಸ್ಕ್ ಬ್ರೇಕು ಚೆನ್ನಾಗಿ ಹೊಂದುತ್ತವೆ. ಚೋರ್ಲಾಕ್ಕೆ ಅವನು ಹೋಗುವುದು ವರ್ಷಕ್ಕೆ ಎರಡು ಸಲ. ಆದರೂ ಒಂದು ಮಾತು ಹೇಳಿದೆ. ಗ್ಲೋಬಲ್ ಎನ್‌ಕ್ಯಾಪ್ ಅನ್ನುವ, ಗಾಡಿಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಸಂಸ್ಥೆ 2023ರಲ್ಲಿ ಈ ಮೂರಕ್ಕೂ 5 ಸ್ಟಾರ್ ಕೊಟ್ಟಿತು. ಆದರೆ ವರ್ನಾದ ದೇಹ ಅಸ್ಥಿರ ಅಂತ ಬರೆಯಿತು, ವರ್ಟಸ್ ಸ್ಲಾವಿಯಾಗಳದು ಸ್ಥಿರ ಅಂತ ಬರೆಯಿತು. ರಾತ್ರಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಓಡಾಡುವವನಿಗೆ ಆ ಸಾಲು ಮುಖ್ಯ.

ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ "ಅಣ್ಣಾ, ಸ್ಲಾವಿಯಾ ಮ್ಯಾನುವಲ್ ಒಂದ್ಸಲ ಓಡಿಸಿ ನೋಡ್ತೀನಿ, ನೀನೂ ಬಾ" ಅಂದ. ಬರುವ ಭಾನುವಾರ ಮಾವ ಅತ್ತೆಯನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೇವೆ. ಖಾಲಿ ಗಾಡಿಯಲ್ಲಿ ನೋಡಿದರೆ ಹಿಂದಿನ ಸ್ಪ್ರಿಂಗಿನ ಗುಣ ತಿಳಿಯುವುದಿಲ್ಲ.